ಎಟಿಎಕ್ಸ್ ಬೋರ್ಡ್, 336 ಮಿ.ಮೀ. ಕಾರ್ಡ್, ಎರಡು ಹಾರ್ಡ್ ಡಿಸ್ಕ್: ಯಾವ ಕ್ಯಾಬಿನೆಟ್ ಹಿಡಿಸುತ್ತದೆ?

ಅರೆಬರೆ_ಬಿಲ್ಡರ್:

ನಮಸ್ಕಾರ. ಬೇರೆ ಎಲ್ಲ ಭಾಗಗಳೂ ಗೊತ್ತಾಗಿವೆ, ಕ್ಯಾಬಿನೆಟ್ ಒಂದೇ ಬಾಕಿ. ಅಳತೆಗಳನ್ನು ಕೊಡುತ್ತೇನೆ, ನೋಡಿ ಹೇಳಿ.

ಮದರ್‌ಬೋರ್ಡ್ ಮಾಮೂಲಿ ಎಟಿಎಕ್ಸ್, 305 × 244 ಮಿ.ಮೀ. ಗ್ರಾಫಿಕ್ಸ್ ಕಾರ್ಡ್ ಉದ್ದ 336, ಎತ್ತರ 140, ದಪ್ಪ 61 ಮಿ.ಮೀ.; 16 ಪಿನ್ನಿನ ಪವರ್ ಕನೆಕ್ಟರ್ ಗಾಜಿನ ಕಡೆಯ ಅಂಚಿನಲ್ಲಿದೆ. ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಪೆಟ್ಟಿಗೆ) ಮಾಡ್ಯುಲರ್, ಅಂದರೆ ಕೇಬಲ್ಲುಗಳನ್ನು ಬಿಚ್ಚಿ ಹಾಕಬಹುದಾದದ್ದು, 160 ಮಿ.ಮೀ. ಉದ್ದ. 3.5 ಇಂಚಿನ ಹಾರ್ಡ್ ಡಿಸ್ಕ್ ಎರಡು ಇವೆ, ಅವನ್ನು ಬಿಡುವ ಹಾಗಿಲ್ಲ. ಪ್ರೊಸೆಸರ್ ಕೂಲರ್ ವಿಷಯದಲ್ಲಿ ಮಾತ್ರ ಮನಸ್ಸು ಎರಡಾಗಿದೆ: 360 ಲಿಕ್ವಿಡ್ ಕೂಲರ್ (ದ್ರವದ ಬಿಸಿ ಇಳಿಸಲು 120 ಮಿ.ಮೀ.ನ ಮೂರು ಫ್ಯಾನ್ ಕೂರುವ ರೇಡಿಯೇಟರ್ ಇರುವಂಥದ್ದು), ಇಲ್ಲವೇ 158 ಮಿ.ಮೀ. ಎತ್ತರದ ಟವರ್ (ಪ್ರೊಸೆಸರ್ ಮೇಲೆ ನಿಂತು ಗಾಳಿಯಿಂದ ತಣಿಸುವಂಥದ್ದು).

ಕಣ್ಣಿಟ್ಟಿರುವ ಕ್ಯಾಬಿನೆಟ್‌ಗಳು ಮೂರು:

ಅ) ಮುಂಭಾಗ ಪೂರ್ತಿ ಗಾಜು, ಎರಡೂ ಬದಿಗೆ ಗಾಳಿಗೆಂದು ಉದ್ದನೆಯ ಸೀಳು. ಒಳಗೆ 120ರ ಮೂರು ಫ್ಯಾನ್ ಅವರೇ ಹಾಕಿಕೊಡುತ್ತಾರೆ.
ಆ) ಮುಂದೆ ಜಾಲರಿ. ಕಾರ್ಡ್ 380, ಕೂಲರ್ 170 ಮಿ.ಮೀ.ವರೆಗೆ. ಮುಂದೆಯೂ ಮೇಲೆಯೂ 360 ರೇಡಿಯೇಟರ್ ಕೂರುತ್ತದಂತೆ. ಮುಂದೆ 140ರ ಎರಡು, ಹಿಂದೆ 120ರ ಒಂದು ಫ್ಯಾನ್ ಬರುತ್ತವೆ.
ಇ) ಎರಡು ಕೋಣೆಯ ಅಕ್ವೇರಿಯಂ ಮಾದರಿ. ಕಾರ್ಡ್ 400ರವರೆಗೆ. ಫ್ಯಾನ್ ಒಂದೂ ಇಲ್ಲ.

ನೋಡಲು ಇ ಚೆಂದ, ಅದನ್ನು ಸುಳ್ಳು ಹೇಳುವುದಿಲ್ಲ. ಆದರೆ ಈ ಸಂಖ್ಯೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಫ್ಯಾನ್ ಎಷ್ಟು ಬೇಕು?


ಮಿಲಿಮೀಟರ್:

ಅಳತೆ ಸಮೇತ ಕೇಳಿದಿರಲ್ಲ, ಅರ್ಧ ಕೆಲಸ ಮುಗಿದ ಹಾಗೆ.

ಸಂಖ್ಯೆಗಳು ಒಂದೊಂದಾಗಿ ನೋಡಿದರೆ ನಿಜವೇ. ಎಲ್ಲವೂ ಒಟ್ಟಿಗೆ ನಿಜವಾಗುತ್ತವೆ ಎಂದು ಮಾತ್ರ ಯಾರೂ ಬರೆದುಕೊಟ್ಟಿಲ್ಲ. ‘ಕಾರ್ಡ್ 380’, ‘ಮುಂದೆ 360 ರೇಡಿಯೇಟರ್’, ‘ಹಾರ್ಡ್ ಡಿಸ್ಕ್ ಎರಡು’ ಎಂದು ಸಾಲಾಗಿ ಬರೆದಿದ್ದರೆ, ಮೂರೂ ಒಂದೇ ಸೀಟಿಗೆ ಟವೆಲ್ ಹಾಕಿವೆ ಎಂದು ಓದಿಕೊಳ್ಳಿ. ನಿಮ್ಮ ‘ಆ’ ಕ್ಯಾಬಿನೆಟ್ಟಿಗೇ ಲೆಕ್ಕ ಹಾಕೋಣ.

380 ಎನ್ನುವುದನ್ನು ಸಾಮಾನ್ಯವಾಗಿ ಮುಂದಿನ ಫ್ಯಾನ್ ಬಿಚ್ಚಿಟ್ಟು ಅಳೆದಿರುತ್ತಾರೆ; ಮ್ಯಾನ್ಯುಯಲ್‌ನಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಹುಡುಕಿ ನೋಡಿ. ಫ್ಯಾನಿನ ದಪ್ಪ 25. ಉಳಿಯುವುದು 355, ನಿಮ್ಮ 336ಕ್ಕೆ ಸಾಕು. ಈಗ ಮುಂದೆ ಲಿಕ್ವಿಡ್ ಕೂಲರ್ ಹಾಕಿದಿರಿ ಎನ್ನಿ. ಮಾಮೂಲಿ ರೇಡಿಯೇಟರ್ ದಪ್ಪ 27, ಫ್ಯಾನ್ 25, ಒಟ್ಟು 52. 380ರಲ್ಲಿ 52 ಕಳೆದರೆ 328. ಕಾರ್ಡು 8 ಮಿ.ಮೀ. ಹೊರಗೆ. ಕೆಲವು ಲಿಕ್ವಿಡ್ ಕೂಲರ್‌ಗಳ ರೇಡಿಯೇಟರೇ 38 ಮಿ.ಮೀ. ದಪ್ಪ ಇರುತ್ತದೆ, ಆಗ 317ಕ್ಕೆ ಇಳಿಯಿತು. ಫ್ಯಾನ್‌ಗಳನ್ನು ಚೌಕಟ್ಟಿನ ಹೊರಗೆ, ಅಂದರೆ ಮುಂದಿನ ಜಾಲರಿಗೂ ಉಕ್ಕಿನ ಚೌಕಟ್ಟಿಗೂ ನಡುವೆ ಕೂರಿಸುವಷ್ಟು ಜಾಗವಿದ್ದರೆ ಆ 25 ವಾಪಸ್ ಸಿಗುತ್ತದೆ. ಅಲ್ಲಿ 25ಕ್ಕಿಂತ ಕಡಿಮೆ ಜಾಗ ಇರುವ ಕ್ಯಾಬಿನೆಟ್‌ಗಳೂ ಬೇಕಾದಷ್ಟಿವೆ.

ಉದ್ದವನ್ನು ಎಲ್ಲರೂ ನೋಡುತ್ತಾರೆ, ಎತ್ತರದಲ್ಲಿ ಎಡವುತ್ತಾರೆ. ಪಿಸಿಐ ಎಕ್ಸ್‌ಪ್ರೆಸ್ ಮಾನದಂಡದಲ್ಲಿ ಪೂರ್ಣ ಗಾತ್ರದ ಕಾರ್ಡ್ ಎಂದರೆ ಉದ್ದ 312, ಎತ್ತರ 111 ಮಿ.ಮೀ. ನಿಮ್ಮದು ಎರಡನ್ನೂ ದಾಟಿದೆ. 140ರ ಎತ್ತರದ ಮೇಲೆ 16 ಪಿನ್ನಿನ ಕೇಬಲ್. ಅದನ್ನು ಪ್ಲಗ್ಗಿನ ಬುಡದಲ್ಲೇ ಬಗ್ಗಿಸಬಾರದು, ಸುಮಾರು 35 ಮಿ.ಮೀ. ನೇರ ಬಂದ ಮೇಲೆ ಬಗ್ಗಬೇಕು. ಬುಡದಲ್ಲಿ ಬಗ್ಗಿದರೆ ಒಳಗಿನ ಪಿನ್ನುಗಳ ಮೇಲೆ ಎಳೆತ ಬಿದ್ದು ಕೆಲವು ಪಿನ್ ಸರಿಯಾಗಿ ಮುಟ್ಟುವುದಿಲ್ಲ; ವಿದ್ಯುತ್ತೆಲ್ಲ ಉಳಿದ ಪಿನ್ನುಗಳಲ್ಲೇ ಹರಿದು ಕನೆಕ್ಟರ್ ಕಾದು ಕರಗುವವರೆಗೂ ಹೋಗಬಹುದು. 140ಕ್ಕೆ 35 ಸೇರಿಸಿದರೆ 175. ಬದಿಯ ಗಾಜು ಎಷ್ಟು ದೂರದಲ್ಲಿದೆ ಎಂದು ಕಂಪನಿಗಳು ಬರೆಯುವುದಿಲ್ಲವಾದ್ದರಿಂದ ಕೂಲರ್ ಎತ್ತರದ ಮಿತಿಯನ್ನೇ ಆಸರೆಯಾಗಿ ಹಿಡಿಯಿರಿ. ಆ ಮಿತಿಯನ್ನು ಪ್ರೊಸೆಸರ್ ಮೇಲ್ಮೈಯಿಂದ ಅಳೆಯುತ್ತಾರೆ, ಬೋರ್ಡಿನಿಂದ ಗಾಜಿನ ದೂರ ಅದಕ್ಕಿಂತ ಕೆಲವು ಮಿ.ಮೀ. ಜಾಸ್ತಿ. 170 ಬರೆದ ಕ್ಯಾಬಿನೆಟ್ಟಿನಲ್ಲಿ ನಿಮ್ಮ ಕೇಬಲ್ ಗಾಜಿಗೆ ತಾಗೀತು, ತಾಗದೆಯೂ ಇದ್ದೀತು. 180 ಇದ್ದರೆ ಯೋಚನೆಯಿಲ್ಲ. 165ಕ್ಕಿಂತ ಕಡಿಮೆ ಇದ್ದರೆ ಆ ಕಡೆ ತಲೆ ಹಾಕಬೇಡಿ.

ಇನ್ನು ಕೆಳಗಿನ ಭಾಗ. 3.5 ಇಂಚಿನ ಡಿಸ್ಕ್ 147 ಮಿ.ಮೀ. ಉದ್ದ, ಅದರ ಪಂಜರ ಎಸ್‌ಎಂಪಿಎಸ್ ಎದುರಿಗೇ ಇರುತ್ತದೆ. ನಿಮ್ಮ ಎಸ್‌ಎಂಪಿಎಸ್ 160, ಮಾಡ್ಯುಲರ್ ಕೇಬಲ್ಲುಗಳು ಹೊರಟು ತಿರುಗಲು ಕಡಿಮೆಯೆಂದರೂ 40. ಅಂದರೆ ಹಿಂದಿನ ಗೋಡೆಯಿಂದ ಪಂಜರಕ್ಕೆ 200 ಮಿ.ಮೀ. ದೂರ ಬೇಕು. ಪಂಜರವನ್ನು ಮುಂದಕ್ಕೆ ಸರಿಸುವ ತೂತುಗಳಿದ್ದರೆ ಅನುಕೂಲ. ಆದರೆ ಮುಂದೆ 360 ರೇಡಿಯೇಟರ್ ಹಾಕಿದರೆ ಅದರ ಬಾಲ ಇದೇ ಕೋಣೆಗೆ ಇಳಿಯುತ್ತದೆ, ಬಹಳಷ್ಟು ಕಡೆ ಪಂಜರವನ್ನೇ ತೆಗೆಯಬೇಕಾಗುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು ಮುಂದೆ ರೇಡಿಯೇಟರ್ ಬೇಕೆಂದರೆ ಈ ಗಾತ್ರದಲ್ಲಿ ಆಗುವ ಮಾತಲ್ಲ.

ಮೇಲೆ ಹಾಕಬಹುದೇ? ಬೋರ್ಡಿನ ಮೇಲಂಚಿನಿಂದ ಛಾವಣಿಗೆ ಎಷ್ಟು ಎಂದು ನೋಡಿ. 55 ಇದ್ದರೆ ಏನೂ ತಾಗದು. 40 ಇದ್ದರೆ 52ರ ಜೋಡಿ 12 ಮಿ.ಮೀ. ಬೋರ್ಡಿನ ಮುಂದಕ್ಕೆ ಇಳಿದು ನಿಲ್ಲುತ್ತದೆ. ರೇಡಿಯೇಟರ್ ತೂತುಗಳು ಗಾಜಿನ ಕಡೆಗೆ ಸರಿದಿದ್ದರೆ ಮಾತ್ರ ರ‍್ಯಾಮ್ ಮತ್ತು ಹೀಟ್‌ಸಿಂಕ್ ತಪ್ಪಿಸಿಕೊಳ್ಳುತ್ತವೆ. ಅಲಂಕಾರದ ಹೊದಿಕೆ ಇರುವ ರ‍್ಯಾಮ್ 44 ಮಿ.ಮೀ. ದಾಟುತ್ತದೆ, ಬೋಳು ರ‍್ಯಾಮ್ 32ರ ಒಳಗೆ. ಈ ವ್ಯತ್ಯಾಸದಲ್ಲೇ ಎಷ್ಟೋ ಸಲ ಕೂರುತ್ತದೋ ಇಲ್ಲವೋ ತೀರ್ಮಾನವಾಗುವುದು.

158ರ ಟವರ್ ಹಾಕಿದರೆ ಇಷ್ಟೂ ತಲೆನೋವು ಇಲ್ಲ ಎಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.


ಗಾಳಿಗೋಪುರ:

ಮಿಲಿಮೀಟರ್ ಅವರು ಜಾಗದ ಲೆಕ್ಕ ಕೊಟ್ಟಿದ್ದಾರೆ, ನಾನು ಗಾಳಿಯದ್ದು ಕೊಡುತ್ತೇನೆ.

ಅ ಕ್ಯಾಬಿನೆಟ್. 120ರ ಒಂದು ಫ್ಯಾನಿನಲ್ಲಿ ರೆಕ್ಕೆ ತಿರುಗುವ ವೃತ್ತದಿಂದ ನಡುವಿನ ಮೋಟರ್ ಕಳೆದರೆ ಗಾಳಿ ಹಾಯುವ ಜಾಗ ಸುಮಾರು 88 ಚದರ ಸೆಂ.ಮೀ. ಮೂರಕ್ಕೆ 264. ಗಾಜಿನ ಎರಡು ಬದಿಯ ಸೀಳು 40 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ ಎಂದಿಟ್ಟುಕೊಂಡರೆ ಎರಡೂ ಸೇರಿ 80. ಮೂರು ಫ್ಯಾನಿಗೆ ಒಂದು ಫ್ಯಾನಿನಷ್ಟೂ ಬಾಯಿಲ್ಲ. ಅದರ ಒಳಗೆ ಮತ್ತೆ ಧೂಳಿನ ಫಿಲ್ಟರ್. ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಬಿಟ್ಟುಬಿಡಿ.

ಹಾಗೆಂದು ಜಾಲರಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಮೊಬೈಲಿನ ಟಾರ್ಚ್ ಅನ್ನು ಮುಂದಿನ ಫಲಕದ ಹಿಂದೆ ಹಿಡಿದು ಮುಂದಿನಿಂದ ನೋಡಿ. ಬೆಳಕು ಧಾರಾಳವಾಗಿ ಬಂದರೆ ಸರಿ. ಚುಕ್ಕೆ ಚುಕ್ಕೆಯಾಗಿ ಮಂಕಾಗಿ ಬಂದರೆ ಉಕ್ಕಿನ ಜಾಲರಿಯ ಹಿಂದೆ ಇನ್ನೊಂದು ನೈಲಾನ್ ಬಟ್ಟೆ ಇದೆ ಎಂದು ಲೆಕ್ಕ. ಜಾಲರಿಯೇ ಸಣ್ಣ ತೂತಿನದಾದರೆ ಅದೇ ಫಿಲ್ಟರ್ ಕೆಲಸ ಮಾಡುತ್ತದೆ, ಎರಡನೆಯದನ್ನು ತೆಗೆದಿಡಬಹುದು. ತೆಗೆಯಲು ಬರುತ್ತದೆಯೇ ಎನ್ನುವುದನ್ನು ಕೊಳ್ಳುವ ಮುಂಚೆ ನೋಡಿ. ಅಂಟು ಹಾಕಿ ಕೂರಿಸಿದ ಫಿಲ್ಟರ್ ತೊಳೆಯಲೂ ಬರುವುದಿಲ್ಲ.

ಫ್ಯಾನ್: ‘ಆ’ ಕ್ಯಾಬಿನೆಟ್ಟಿನ ಜೊತೆ ಬರುವ ಎರಡು 140 ಮುಂದೆ, ಒಂದು 120 ಹಿಂದೆ, ನಿಮಗೆ ಇಷ್ಟೇ ಸಾಕು. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ತುಸು ಜಾಸ್ತಿ ಇರಲಿ. ಆಗ ಮಿಕ್ಕ ಗಾಳಿ ಕಾರ್ಡಿನ ಸ್ಲಾಟಿನ ಸಂದಿ, ತಿರುಪಿನ ತೂತುಗಳಿಂದ ಹೊರಕ್ಕೆ ನುಗ್ಗುತ್ತದೆ. ಉಲ್ಟಾ ಆದರೆ ಅದೇ ಸಂದಿಗಳಿಂದ ಫಿಲ್ಟರ್ ಇಲ್ಲದ ಗಾಳಿ ಒಳಗೆ ಬಂದು, ಧೂಳು ಸ್ಲಾಟಿನ ಪಟ್ಟಿಗಳ ಅಂಚಿನಲ್ಲಿ ಬೂದು ಗೆರೆಯಾಗಿ ಕೂರುತ್ತದೆ. ಆ ಗೆರೆ ಕಂಡರೆ ನಿಮ್ಮ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಛಾವಣಿಯ ಮುಂದಿನ ತುದಿಯಲ್ಲಿ ಹೊರಗೆ ಊದುವ ಫ್ಯಾನ್ ಹಾಕಬೇಡಿ. ಮುಂದಿನಿಂದ ಬಂದ ತಣ್ಣನೆಯ ಗಾಳಿಯನ್ನು ಕೂಲರ್ ಮುಟ್ಟುವ ಮೊದಲೇ ಎತ್ತಿ ಹೊರಗೆ ಎಸೆಯುತ್ತದೆ. ಮೇಲೆ ಹಾಕಲೇಬೇಕೆಂದರೆ ಹಿಂದಿನ ತುದಿಗೆ, ಟವರ್ ಕೂಲರಿನ ನೆತ್ತಿಗೆ ಹಾಕಿ.


ಸದ್ದು_ಬೇಡ:

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ತಕರಾರು. ಗಾಜಿನ ಮುಂಭಾಗ ಬಿಡಿ, ಸರಿ. ಆದರೆ ಮುಂಭಾಗ ಗಟ್ಟಿಯಾಗಿ, ಒಳಗೆ ಸ್ಪಂಜು ಅಂಟಿಸಿದ ‘ಸೈಲೆಂಟ್’ ಕ್ಯಾಬಿನೆಟ್‌ಗಳನ್ನೂ ಜನ ಅದೇ ಲೆಕ್ಕದಲ್ಲಿ ತಳ್ಳಿಹಾಕುತ್ತಾರೆ. ಕಡಿಮೆ ವ್ಯಾಟಿನ ಯಂತ್ರ, ತಿರುಗುವ ಡಿಸ್ಕ್ ನಾಲ್ಕಾರು ಇದ್ದರೆ ಅದು ಒಳ್ಳೆಯ ಆಯ್ಕೆಯೇ. ನಿಮ್ಮ ಮೂರು ಸ್ಲಾಟಿನ ಕಾರ್ಡಿಗೆ ಮಾತ್ರ ಅಲ್ಲ: ಬಿಸಿ ಹೊರಗೆ ಹೋಗದಿದ್ದರೆ ಕಾರ್ಡಿನ ಫ್ಯಾನ್‌ಗಳೇ ಕಿರುಚುತ್ತವೆ, ಸ್ಪಂಜು ತಡೆಯುವುದಕ್ಕಿಂತ ಹೆಚ್ಚು ಸದ್ದು ಅಲ್ಲೇ ಹುಟ್ಟುತ್ತದೆ.

ನಿಮಗೆ ಸದ್ದು ಬರುವುದು ಹೆಚ್ಚಾಗಿ ಹಾರ್ಡ್ ಡಿಸ್ಕಿನಿಂದ. 7200 ಆರ್‌ಪಿಎಂ ಡಿಸ್ಕ್ ಸೆಕೆಂಡಿಗೆ 120 ಸುತ್ತು, ಅಷ್ಟೇ ಕಂಪನ. ತೆಳು ತಗಡಿಗೆ ನೇರ ತಿರುಪು ಹಾಕಿದರೆ ಇಡೀ ಬದಿಯ ಫಲಕ ಗುಂಯ್‌ಗುಟ್ಟುತ್ತದೆ. ಪಂಜರದ ಟ್ರೇಯಲ್ಲಿ ರಬ್ಬರ್ ಬಿಲ್ಲೆ ಇದೆಯೇ ನೋಡಿ. ಬದಿಯ ತಗಡಿನ ನಡುವಿಗೆ ಹೆಬ್ಬೆರಳು ಒತ್ತಿ ಬಿಡಿ. ಟಪ್ ಎಂದು ಒಳಗೆ ಹೋಗಿ ಟಪ್ ಎಂದು ವಾಪಸ್ ಬಂದರೆ ಅದು ಕಂಪಿಸುವ ಜಾತಿ. 0.5 ಮಿ.ಮೀ. ತಗಡಿಗೂ 0.8ಕ್ಕೂ ಕೈಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

140ರ ಫ್ಯಾನ್ ನಿಧಾನ ತಿರುಗಿಯೂ 120ರಷ್ಟೇ ಗಾಳಿ ತಳ್ಳುತ್ತದೆ, ಅದಕ್ಕೇ ‘ಆ’ ನನಗೂ ಇಷ್ಟ. ಮುಂದೆ ಬೇರೆ ಫ್ಯಾನ್ ಹಾಕುವುದಾದರೆ ತಿರುಪಿನ ತೂತಿನ ಅಂತರ ನೆನಪಿಡಿ: 120ಕ್ಕೆ 105 ಮಿ.ಮೀ., 140ಕ್ಕೆ 124.5.


ಅರೆಬರೆ_ಬಿಲ್ಡರ್:

ಎಲ್ಲರಿಗೂ ಧನ್ಯವಾದ. ಹಾಗಾದರೆ ‘ಆ’ ಮತ್ತು ಟವರ್ ಎಂದು ಇಟ್ಟುಕೊಳ್ಳುತ್ತೇನೆ. ಇ ಪೂರ್ತಿ ಕೈಬಿಡಬೇಕೇ, ಅಷ್ಟು ಹೇಳಿ. ಇನ್ನೆರಡು ಅನುಮಾನ: ಬೋರ್ಡಿನಲ್ಲಿ ಕ್ಯಾಬಿನೆಟ್ ಫ್ಯಾನಿಗೆ ಇರುವ ಹೆಡರ್ (ಕೇಬಲ್ ಸಿಕ್ಕಿಸುವ ಪಿನ್ನುಗಳ ಜಾಗ) ಎರಡೇ, ಫ್ಯಾನ್ ಮೂರು. ಮುಂದಿನ ಟೈಪ್-ಸಿ ಕೇಬಲ್ ಎಲ್ಲಾ ಬೋರ್ಡಿಗೂ ಕೂರುತ್ತದೆಯೇ?


ಮಿಲಿಮೀಟರ್:

ಇ ಕೆಟ್ಟದ್ದೇನಲ್ಲ, ಅದರ ಗಾಳಿಯ ದಾರಿ ಬೇರೆ. ಮುಂದೆ ಗಾಜು, ಆದ್ದರಿಂದ ಗಾಳಿ ಕೆಳಗಿನಿಂದ ಮತ್ತು ಬದಿಯಿಂದ ಬರಬೇಕು. ಕೆಳಗೆ ಮೂರು ಫ್ಯಾನ್ ಹಾಕಿದರೆ ಕಾರ್ಡಿಗೆ ತಣ್ಣನೆಯ ಗಾಳಿ ನೇರ ಸಿಗುತ್ತದೆ, ಕಾರ್ಡಿನ ಮಟ್ಟಿಗೆ ‘ಆ’ಗಿಂತ ಚೆನ್ನಾಗಿಯೇ ಇರುತ್ತದೆ. ಆದರೆ ಕೆಳಗೆ ಮೂರು, ಬದಿಗೆ ಎರಡೋ ಮೂರೋ, ಹಿಂದೆ ಒಂದು, ಎಲ್ಲವನ್ನೂ ನೀವೇ ಕೊಳ್ಳಬೇಕು. ಟವರ್ ಕೂಲರಿಗೆ ಮುಂದಿನಿಂದ ಗಾಳಿ ಇಲ್ಲ, ಕಾರ್ಡಿನಿಂದ ಎದ್ದ ಬಿಸಿಯನ್ನೇ ಅದು ಸ್ವಲ್ಪಮಟ್ಟಿಗೆ ಕುಡಿಯುತ್ತದೆ. ಈ ‘ಇ’ ಮಾದರಿ, ಛಾವಣಿಯಲ್ಲಿ ರೇಡಿಯೇಟರ್ ಇಡುವವರಿಗೆ ಹೇಳಿ ಮಾಡಿಸಿದ್ದು. ಅಗಲವೂ ಜಾಸ್ತಿ, ಇಡುವ ಜಾಗ ಅಳೆದು ನೋಡಿ.


ಸ್ಟ್ಯಾಂಡ್‌ಆಫ್:

ಉಳಿದೆರಡಕ್ಕೆ ನಾನು ಹೇಳುತ್ತೇನೆ.

ಫ್ಯಾನ್ ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ಕೊಡುತ್ತದೆ. ಮಾಮೂಲಿ ಫ್ಯಾನ್ 0.1ರಿಂದ 0.3 ಎಳೆಯುತ್ತದೆ, ಫ್ಯಾನಿನ ನಡುವಿನ ಅಂಟುಚೀಟಿಯಲ್ಲಿ ಬರೆದಿರುತ್ತದೆ. ಮುಂದಿನ ಎರಡನ್ನು ವೈ ಆಕಾರದ ಸ್ಪ್ಲಿಟರ್ ಹಾಕಿ ಒಂದು ಹೆಡರಿಗೆ ಕೊಡಿ, ಹಿಂದಿನದು ಇನ್ನೊಂದಕ್ಕೆ. ಸ್ಪ್ಲಿಟರಿನ ಒಂದು ಬಾಯಲ್ಲಿ ಮೂರೇ ತಂತಿ ಇರುವುದು ದೋಷ ಅಲ್ಲ. ವೇಗ ತಿಳಿಸುವ ತಂತಿ ಒಂದೇ ಫ್ಯಾನಿನಿಂದ ಬರಬೇಕು. ಕ್ಯಾಬಿನೆಟ್ ಜೊತೆ ಬರುವ ಫ್ಯಾನ್ 3 ಪಿನ್ನಿನದಾಗಿದ್ದರೆ ಬಯಾಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಆ ಹೆಡರನ್ನು ವೋಲ್ಟೇಜ್ ಇಳಿಸಿ ವೇಗ ತಗ್ಗಿಸುವ ಡಿಸಿ ಮೋಡ್‌ಗೆ ಹಾಕಿ. 4 ಪಿನ್ನಿನ ಫ್ಯಾನಿಗಾಗಿ ಇರುವ ಪಿಡಬ್ಲ್ಯುಎಂನಲ್ಲೇ ಬಿಟ್ಟರೆ ಸದಾ ಪೂರ್ತಿ ವೇಗದಲ್ಲಿ ಓಡುತ್ತದೆ, ಜನ ಕ್ಯಾಬಿನೆಟ್ ಸದ್ದು ಎಂದು ಬೈಯುತ್ತಾರೆ.

ಮುಂದಿನ ಟೈಪ್-ಸಿ ಎಲ್ಲಾ ಬೋರ್ಡಿಗೂ ಕೂರುವುದಿಲ್ಲ. ಅದಕ್ಕೆ ಬೋರ್ಡಿನಲ್ಲಿ ಬೇರೆಯದೇ ಹೆಡರ್ ಬೇಕು, ಲೋಹದ ಅಂಚಿರುವ ಸಣ್ಣ ಆಯತದ ಬಾಯಿ, ಟೈಪ್-ಇ ಎನ್ನುತ್ತಾರೆ. ನೀಲಿ ಪ್ಲಗ್ಗಿನ ಹಳೆಯ ಯುಎಸ್‌ಬಿ 3 ಕೇಬಲ್ ಬೇರೆ, 19 ಪಿನ್ನಿನ ದಪ್ಪ ಹೆಡರಿಗೆ ಹೋಗುವಂಥದ್ದು. ಅದನ್ನು ನೆಟ್ಟಗೆ ಒತ್ತಿ, ನೆಟ್ಟಗೇ ಎಳೆಯಿರಿ. ಓರೆಯಾಗಿ ಎಳೆದರೆ ಪಿನ್ ಬಗ್ಗುವುದು ಖಂಡಿತ, ಕೆಲವೊಮ್ಮೆ ಪ್ಲಾಸ್ಟಿಕ್ ಗೋಡೆ ಸಮೇತ ಕಿತ್ತುಬರುತ್ತದೆ.

ಬಣ್ಣದ ದೀಪದ ಫ್ಯಾನ್ ಆದರೆ ಒಂದು ಎಚ್ಚರ. 3 ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, 4 ಪಿನ್ನಿನ ಆರ್‌ಜಿಬಿ 12 ವೋಲ್ಟಿನದು. 5ರದ್ದನ್ನು 12ರ ಹೆಡರಿಗೆ ಒತ್ತಿ ಕೂರಿಸಿದರೆ ದೀಪ ಅಲ್ಲೇ ಸುಟ್ಟುಹೋಗುತ್ತದೆ.

ಈಗ ಜೋಡಿಸುವಾಗಿನದು. ಕ್ಯಾಬಿನೆಟ್ ಬಂದ ತಕ್ಷಣ ಬೋರ್ಡ್ ಇಳಿಸಬೇಡಿ. ಎಟಿಎಕ್ಸ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂಬತ್ತು ತೂತು. ಬೋರ್ಡನ್ನು ಅದರ ಡಬ್ಬಿಯ ಮೇಲಿಟ್ಟು ತೂತು ಎಣಿಸಿ, ಕ್ಯಾಬಿನೆಟ್ಟಿನಲ್ಲಿ ಬೋರ್ಡ್ ಕೂರುವ ತಟ್ಟೆಯ ಮೇಲೆ ಅದೇ ಜಾಗಗಳಲ್ಲಿ ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಗೂಟ, ಅಂದರೆ ಸ್ಟ್ಯಾಂಡ್‌ಆಫ್ ಇದೆಯೇ ಎಂದು ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಒಂದು ಕಡಿಮೆ ಇದ್ದರೆ ಹೆಚ್ಚೇನೂ ಆಗುವುದಿಲ್ಲ, ಕೇಬಲ್ ಒತ್ತುವಾಗ ಬೋರ್ಡ್ ಅಲ್ಲಿ ಬಾಗುತ್ತದೆ ಅಷ್ಟೇ. ಒಂದು ಜಾಸ್ತಿ ಇದ್ದರೆ ಅಪಾಯ: ತೂತಿಲ್ಲದ ಕಡೆ ಹಿತ್ತಾಳೆಯ ತುದಿ ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ, ಯಂತ್ರ ಒಂದು ಕ್ಷಣ ತಿರುಗಿ ನಿಲ್ಲುತ್ತದೆ, ಇಲ್ಲವೇ ಮಿಸುಕುವುದೇ ಇಲ್ಲ. ಮೈಕ್ರೋ ಎಟಿಎಕ್ಸ್‌ಗೆಂದು ಮೊದಲೇ ಹಾಕಿಟ್ಟ ಸ್ಟ್ಯಾಂಡ್‌ಆಫ್ ಹೀಗೆ ಕಾಟ ಕೊಡುವುದುಂಟು.

ತಿರುಪು ಎರಡು ಜಾತಿ. ಒತ್ತಾದ ಎಳೆಯದು ಎಂ3, ಬಿಡಿ ಎಳೆಯದು 6-32. ಹಾರ್ಡ್ ಡಿಸ್ಕ್ ಮತ್ತು ಎಸ್‌ಎಂಪಿಎಸ್‌ಗೆ 6-32. ಬೋರ್ಡಿಗೆ ಎರಡರಲ್ಲಿ ಯಾವುದು ಎನ್ನುವುದನ್ನು ಕ್ಯಾಬಿನೆಟ್ಟಿನ ಸ್ಟ್ಯಾಂಡ್‌ಆಫ್ ನಿರ್ಧರಿಸುತ್ತದೆ. ಮೊದಲ ಎರಡು ಸುತ್ತು ಕೈಯಲ್ಲೇ ತಿರುಗಬೇಕು. ತಿರುಗದಿದ್ದರೆ ತಪ್ಪು ತಿರುಪು, ಸ್ಕ್ರೂಡ್ರೈವರ್ ಹಾಕಿ ಬಲವಂತ ಮಾಡಿದರೆ ಸ್ಟ್ಯಾಂಡ್‌ಆಫ್ ತಿರುಪಿಗೆ ಕಚ್ಚಿಕೊಂಡು, ಮುಂದೆ ಬಿಚ್ಚುವಾಗ ಬೋರ್ಡಿನ ಜೊತೆಗೇ ತಟ್ಟೆಯಿಂದ ಎದ್ದುಬರುತ್ತದೆ.

ಪ್ರೊಸೆಸರಿನ 8 ಪಿನ್ನಿನ ಕೇಬಲ್ಲನ್ನು ಬೋರ್ಡ್ ಇಳಿಸುವ ಮುಂಚೆಯೇ ಮೇಲಿನ ಎಡಮೂಲೆಯ ಕಿಂಡಿಯಲ್ಲಿ ತೂರಿಸಿಡಿ. ಟವರ್ ಕೂಲರ್ ಕೂತ ಮೇಲೆ ಆ ಮೂಲೆಗೆ ಬೆರಳು ಹೋಗುವುದಿಲ್ಲ. ಕಿಂಡಿ ಪ್ಲಗ್ಗಿಗಿಂತ ಚಿಕ್ಕದಾಗಿರುವ ಕ್ಯಾಬಿನೆಟ್‌ಗಳೂ ಉಂಟು, ಕೊಳ್ಳುವಾಗ ಚಿತ್ರದಲ್ಲಿ ನೋಡಿಕೊಳ್ಳಿ. ಹಾಗೆಯೇ ತಟ್ಟೆಯ ಬೆನ್ನಿಗೂ ಹಿಂಬದಿಯ ಫಲಕಕ್ಕೂ ನಡುವೆ 20 ಮಿ.ಮೀ.ಗಿಂತ ಕಡಿಮೆ ಇದ್ದರೆ 24 ಪಿನ್ನಿನ ಕೇಬಲ್ ಮೇಲೆ ಫಲಕ ಉಬ್ಬಿ ನಿಲ್ಲುತ್ತದೆ. ಮುಂಗಡೆಯ ಆಡಿಯೋ ಕೇಬಲ್ ಬೋರ್ಡಿನ ಕೆಳಗಿನ ಎಡಮೂಲೆಯವರೆಗೆ ಮುಟ್ಟಬೇಕು, ಅತಿ ದೂರದ ಪ್ರಯಾಣ ಅದರದೇ. ಗಿಡ್ಡ ಇದ್ದರೆ ಕಾರ್ಡಿನ ಕೆಳಗೆ ಅಡ್ಡಡ್ಡ ಎಳೆಯಬೇಕಾಗುತ್ತದೆ.

ಬಿಚ್ಚಿದ ಗಾಜನ್ನು ಟೈಲ್ಸ್ ನೆಲದ ಮೇಲೆ ಅಂಚೂರಿ ನಿಲ್ಲಿಸಬೇಡಿ. ಟೆಂಪರ್ಡ್ ಗಾಜಿನ ನಡುಮೈ ಗಟ್ಟಿ, ಅಂಚು ಸೂಕ್ಷ್ಮ. ಸೆರಾಮಿಕ್ ಅದಕ್ಕಿಂತ ಗಟ್ಟಿ. ಮೆಲ್ಲಗೆ ತಾಗಿದರೂ ಇಡೀ ಫಲಕ ಪುಡಿಪುಡಿ. ದಪ್ಪ ಬಟ್ಟೆಯ ಮೇಲೆ ಮಲಗಿಸಿ.


ಗಾಳಿಗೋಪುರ:

ಜೋಡಿಸಿ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಕ್ಯಾಬಿನೆಟ್ ಮತ್ತು ಕಾರ್ಡಿನ ಫ್ಯಾನ್ ವೇಗಗಳನ್ನು ಒಂದೇ ಮಟ್ಟಕ್ಕೆ ಕಟ್ಟಿಹಾಕಿ, ಇಲ್ಲದಿದ್ದರೆ ಅವು ತಾವೇ ಏರಿಳಿದು ಲೆಕ್ಕ ಕೆಡಿಸುತ್ತವೆ. ಗ್ರಾಫಿಕ್ಸ್ ಕಾರ್ಡಿಗೆ 20 ನಿಮಿಷ ಪೂರ್ತಿ ಕೆಲಸ ಕೊಟ್ಟು ಉಷ್ಣಾಂಶ ಬರೆದುಕೊಳ್ಳಿ. ಮುಂದಿನ ಜಾಲರಿ ಫಲಕ ಕಳಚಿ, ಅದೇ ಕೋಣೆಯಲ್ಲಿ ಮತ್ತೆ 20 ನಿಮಿಷ. ಎರಡು ಮೂರು ಡಿಗ್ರಿ ಇಳಿದರೆ ಫಲಕ ಚೆನ್ನಾಗಿದೆ. ಏಳೆಂಟು ಇಳಿದರೆ ಅದು ಉಸಿರು ಕಟ್ಟಿಸುತ್ತಿದೆ, ಒಳಗಿನ ನೈಲಾನ್ ಪದರ ತೆಗೆದು ಮತ್ತೆ ನೋಡಿ. ಆಮೇಲೆ ಬದಿಯ ಗಾಜನ್ನೂ ತೆಗೆದು ಇನ್ನೊಮ್ಮೆ. ಆಗ ಜಾಸ್ತಿ ಇಳಿದರೆ ಕೊರತೆ ಮುಂಭಾಗದಲ್ಲಿಲ್ಲ, ಬಿಸಿ ಗಾಳಿ ಹೊರಗೆ ಹೋಗುವ ಕಡೆ ಇದೆ; ಮೇಲೆ ಹಿಂದಿನ ತುದಿಗೆ ಒಂದು ಫ್ಯಾನ್ ಸೇರಿಸಿ.

ಕೆಳಗಿನ ಎಸ್‌ಎಂಪಿಎಸ್ ಫ್ಯಾನ್ ನೆಲದ ಕಡೆಗೇ ಮುಖ ಮಾಡಿರಲಿ, ಕಾಲುಗಳು 20 ಮಿ.ಮೀ. ಎತ್ತರ ಇದ್ದರೆ ಸಾಕು. ದಪ್ಪ ಕಾರ್ಪೆಟ್ ಮೇಲೆ ಇಡುವುದಾದರೆ ಅಡಿಗೆ ಒಂದು ಹಲಗೆ ಹಾಕಿ.


ಅರೆಬರೆ_ಬಿಲ್ಡರ್:

‘ಆ’ ಕ್ಯಾಬಿನೆಟ್ಟಿನ ಮ್ಯಾನ್ಯುಯಲ್ ಇಳಿಸಿಕೊಂಡು ನೋಡಿದೆ. 380 ಎನ್ನುವುದು ಫ್ಯಾನ್ ಇಲ್ಲದೆ ಅಳೆದದ್ದೇ. ಪಂಜರ ಎರಡು ಕಡೆ ಕೂರುತ್ತದೆ, ಮುಂದಕ್ಕೆ ಸರಿಸಿದರೆ ಎಸ್‌ಎಂಪಿಎಸ್‌ಗೆ 215 ಮಿ.ಮೀ. ಸಿಗುತ್ತದೆ. ಬೆನ್ನಿನ ಜಾಗ 23. 16 ಪಿನ್ನಿನ ಕೇಬಲ್ ಮಾತ್ರ ಇನ್ನೂ ಅನುಮಾನ.


ಮಿಲಿಮೀಟರ್:

ಹಾಗಾದರೆ ಅದನ್ನೇ ತೆಗೆದುಕೊಳ್ಳಿ. ಕಾರ್ಡ್ ಬಂದ ದಿನ ಕೇಬಲ್ ಸಿಕ್ಕಿಸಿ, ಟಕ್ ಎಂದು ಕೂತದ್ದನ್ನು ನೋಡಿಕೊಂಡು, ಪ್ಲಗ್ಗಿನ ಸುತ್ತ ಸಂದಿ ಉಳಿದಿಲ್ಲ ಎಂದು ಟಾರ್ಚ್ ಹಿಡಿದು ಖಚಿತ ಮಾಡಿಕೊಳ್ಳಿ. ಆಮೇಲೆ ಗಾಜನ್ನು ನಿಧಾನಕ್ಕೆ ಹತ್ತಿರ ತನ್ನಿ. ಗಾಜು ಕೇಬಲ್ಲನ್ನು ಒತ್ತಿದರೆ ಗಾಜು ಹೊರಗಿಟ್ಟೇ ಯಂತ್ರ ಓಡಿಸಿ, ನಿಮ್ಮ ಎಸ್‌ಎಂಪಿಎಸ್ ಕಂಪನಿಯೇ ಅದೇ ಮಾದರಿಗೆ ಕೊಡುವ 90 ಡಿಗ್ರಿ ತಿರುವಿನ ಕೇಬಲ್ ಇದೆಯೇ ವಿಚಾರಿಸಿ. ಪ್ಲಗ್ ಯಾವ ಕಡೆಗೆ ತಿರುಗುತ್ತದೆ ಎನ್ನುವುದರಲ್ಲಿ ಎರಡು ಬಗೆ ಇವೆ, ಕಾರ್ಡಿನ ಕನೆಕ್ಟರಿನ ಕೊಂಡಿ ಯಾವ ಮುಖಕ್ಕಿದೆ ನೋಡಿ ತರಿಸಿ. ಬೇರೆ ಕಂಪನಿಯ ಮಾಡ್ಯುಲರ್ ಕೇಬಲ್ ಮಾತ್ರ ಬೇಡವೇ ಬೇಡ: ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಒಬ್ಬೊಬ್ಬರದು ಒಂದೊಂದು ಥರ, ಪ್ಲಗ್ ಸಲೀಸಾಗಿ ಕೂತರೂ ಒಳಗೆ ತಂತಿ ಅದಲುಬದಲಾಗಿರುತ್ತದೆ.